ಹೊಳೆ ದಾಟಿದವರು

ಭಾಷಾವಿಜ್ಞಾನದ ಉಪನ್ಯಾಸಕರ ಹುದ್ದೆಗೆ ಸಂದರ್ಶನ ನಡೆದಿತ್ತು. ಆಯ್ಕೆ ಸಮಿತಿಯಲ್ಲಿ ನಾವು ಮೂವರು, ಮೇಜಿನ ಮೇಲೆ ನಮ್ಮ ನಮ್ಮ ಹೆಸರಿನ ಫಲಕಗಳು. ಒಳಗೆ ಬಂದ ಹುಡುಗಿಯ ಅಂಕಪಟ್ಟಿಯಲ್ಲಿ ಕೊಂಕು ತೆಗೆಯಲು ಏನೂ ಇರಲಿಲ್ಲ.

“ಇಂಗ್ಲಿಷಿನಲ್ಲಿ ‘ಶಿಬೊಲೆತ್’ ಅಂತ ಒಂದು ಪಾರಿಭಾಷಿಕ ಪದ ಇದೆಯಲ್ಲ, ಅದರ ಮೂಲ ಏನಮ್ಮ?” ಅಧ್ಯಕ್ಷರು ಕೇಳಿದರು.

“ಬೈಬಲ್ಲಿನ ಒಂದು ಕತೆಯಿಂದ ಬಂದಿದ್ದು ಸರ್, ತೆನೆ ಅಂತ ಅದರ ಅರ್ಥ. ಯುದ್ಧದಲ್ಲಿ ಸೋತೋರು ಒಳೆ ದಾಟೋಕೆ ಬಂದಾಗ ಗೆದ್ದೋರು ತಡೆದು ಆ ಪದ ಏಳಿಸೋರಂತೆ. ‘ಶ’ ಬರದೆ ‘ಸ’ ಅಂದೋರನ್ನ ಅಲ್ಲೇ ಕೊಲ್ಲೋರಂತೆ. ಮಾತಿನ ಮೇಲೆ ಜನರನ್ನ ಬೇರೆ ಮಾಡೋ ಪದಕ್ಕೆಲ್ಲ ಆಮೇಲೆ ಅದೇ ಎಸರಾಯ್ತು.”

ಅಧ್ಯಕ್ಷರು ನನ್ನತ್ತ ನೋಡಿ ನಕ್ಕರು. ಅವರಿಗಿಂತ ಜೋರಾಗಿ ನಾನು ನಕ್ಕೆ.

“ಒಳೆ ಅಲ್ಲ, ಹೊಳೆ. ಎಲ್ಲಿ, ಹೇಳಿ,” ಎಂದೆ.

“ಒಳೆ.”

ಅವಳ ಹೆಸರಿನ ಮುಂದೆ ‘ಉಚ್ಚಾರಣೆ ಸಾಲದು’ ಎಂದು ಬರೆದೆ. ಅವಳು ಎದುರಿನಿಂದಲೇ ಅದನ್ನು ಓದಿಕೊಂಡಳು.

ಅಧ್ಯಕ್ಷರು ಫೈಲು ಮುಚ್ಚುತ್ತ, “ಹಾಗಾದ್ರೆ ಸೋತವರಲ್ಲಿ ಒಬ್ಬರೂ ದಾಟಲಿಲ್ವಾ?” ಎಂದರು.

“ಕಲಿತುಕೊಂಡು ದಾಟಿದೋರು ಇರಬೋದು ಸರ್. ನಮ್ಮೂರಿಂದಲೇ ಒಬ್ರು ದಾಟವ್ರೆ. ಅವರವ್ವ ನಮ್ಮ ಪಕ್ಕದ ಮನೆಯೋರು. ಬೆಳಗ್ಗೆ ನಾನು ಒರಟಾಗ, ‘ನಮ್ಮ ಒಂಬಾಳ ಕಂಡ್ರೆ ಒಂದ್ಸಲ ಬಂದೋಗು ಅನ್ನವ್ವ’ ಅಂದ್ರು.”

ಅಷ್ಟರಲ್ಲಿ ನನ್ನ ಕೈ, ‘ಡಾ. ಹೊಂಬಾಳಯ್ಯ’ ಎಂದಿದ್ದ ಫಲಕವನ್ನು ಮೇಜಿನ ಮೇಲೆ ಬೋರಲು ಹಾಕಿತ್ತು.