ತಿದ್ದದ ಮುಖ

"ಇದನ್ನ ತಿದ್ದೋದು ಮರೆತುಬಿಟ್ಯಾ?" ಅಪ್ಪ ಮಗಳ ಕಿವಿಯಲ್ಲಿ ಸಿಡುಕಿದರು. ಗ್ಯಾಲರಿಯ ಗೋಡೆಯ ಮೇಲೆ, ಮಗಳು ತೆಗೆದ ಆಳೆತ್ತರದ ಫೋಟೋದಲ್ಲಿ ಅಮ್ಮ ನಗುತ್ತಿದ್ದಳು. ಎಡಗೆನ್ನೆಯ ಸುಟ್ಟ ಕಲೆ ಇದ್ದಹಾಗೇ ಇತ್ತು. ಸ್ಟುಡಿಯೋ ಇಟ್ಟಿದ್ದ ಅಪ್ಪ ಮದುವೆಯಾದಾಗಿನಿಂದ ಹೆಂಡತಿಯ ಪ್ರತಿ ಫೋಟೋದಲ್ಲೂ ಅದನ್ನು ಒರೆಸಿಹಾಕುತ್ತ ಬಂದವರು.

ಮಗಳು ಬೇಕೆಂದೇ ತಿದ್ದಿರಲಿಲ್ಲ. ಅಮ್ಮನಿಗೆ ಹೇಳಿರಲೂ ಇಲ್ಲ. ಈಗ ಅಮ್ಮ ಮುಖ ಮುಚ್ಚಿಕೊಂಡು ಹೊರಟುಬಿಟ್ಟರೆ, ಇನ್ನೆಂದೂ ತನ್ನ ಕ್ಯಾಮೆರಾದ ಮುಂದೆ ನಿಲ್ಲಲಾರಳು ಎಂಬ ಭಯದಲ್ಲಿ ಅವಳು ಫೋಟೋದೆದುರು ನಿಂತಿದ್ದ ಅಮ್ಮನ ಕಡೆ ನೋಡಿದಳು.

ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಫೋಟೋವನ್ನೂ ಅಮ್ಮನನ್ನೂ ಮತ್ತೆ ಮತ್ತೆ ನೋಡಿದರು. "ಇದು ನೀವೇನಾ?"

ಅಮ್ಮ ಎಡಗೆನ್ನೆಯ ಮೇಲೆ ಇಳಿಬಿಟ್ಟಿದ್ದ ಕೂದಲನ್ನು ನಿಧಾನವಾಗಿ ಕಿವಿಯ ಹಿಂದಕ್ಕೆ ಸರಿಸಿದಳು.

"ಹೂಂ, ನಾನೇ," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಅಲ್ರೀ, ಇಷ್ಟು ವರ್ಷ ನೀವು ಯಾರ ಫೋಟೋ ತೆಗೀತಿದ್ರಿ?"