ಜಂಬಣ್ಣನ ಕೈಯ ಮಜ್ಜಿಗೆ

ಕಾದಂಬರಿ ಮುಗಿದ ಮೇಲೆ ಅದರೊಳಗಿನವರು ಊರಿಗೆ ಬಂದು ನೆಲೆಸುವುದು ಈಗೆಲ್ಲ ಮಾಮೂಲು. ನಾಯಕರಿಗೆ ಬಾಡಿಗೆ ಮನೆ ಬೇಗ ಸಿಗುತ್ತದೆ, ಕೆಟ್ಟವರಿಗೆ ಯಾರೂ ಕೊಡುವುದಿಲ್ಲ. ಕಥೆಯಲ್ಲಿ ಒಡಹುಟ್ಟಿದ ಅಣ್ಣನಿಗೇ ವಿಷ ಹಾಕಿದ ಜಂಬಣ್ಣನಿಗೆ ಗದಗಿನ ನೀಲಗಂಗವ್ವ ತನ್ನ ಖಾನಾವಳಿಯಲ್ಲಿ ಜಾಗ ಕೊಟ್ಟಿದ್ದಳು. ಪಾತ್ರೆ ತೊಳೆಯುವುದಷ್ಟೇ ಅವನ ಕೆಲಸ. ಅವನು ಬಡಿಸಿದರೆ ಉಣ್ಣುವವರು ಯಾರು?

ಅಂದು ಅವನನ್ನು ಬರೆದ ಶೇಷಗಿರಿ ಮಾಸ್ತರರೇ ಊಟಕ್ಕೆ ಬಂದರು. ಜಂಬಣ್ಣ ತಾನೇ ಮಜ್ಜಿಗೆ ಕಡೆದು ತಂದು ಮುಂದಿಟ್ಟ. ಮಾಸ್ತರರು ಲೋಟ ಸರಿಸಿದರು.

“ನನ್ನ ಕೈಯಾಗ ವಿಷಾ ಯಾಕ ಕೊಟ್ರಿ, ಸರ್?”

“ಕಥಿಗೆ ಒಬ್ಬ ಕೆಟ್ಟಾಂವ ಬೇಕಾಗಿದ್ದಪಾ.”

“ಕಥಿ ಮುಗದು ಭಾಳ ದಿನಾ ಆತಲ್ರೀ. ಒಂದು ಗುಟುಕು ಕುಡೀರಿ.”

ಮಾಸ್ತರರು ನೀರಿನ ತಂಬಿಗೆಗೆ ಕೈ ಚಾಚಿದರು.

“ಬರೆದವರೇ ಕುಡ್ಯಾಂಗಿಲ್ಲ, ನಾವ್ಯಾಕ ಕುಡಿಯೋಣ!” ಎಂದು ಪಂಕ್ತಿಯಲ್ಲಿ ಒಬ್ಬ ನಕ್ಕ.

ಹುಟ್ಟಿಸಿದವರೇ ಹೀಗೆ ಹೆದರುತ್ತಾರಲ್ಲ ಎಂದು ನೀಲಗಂಗವ್ವನಿಗೆ ಸೋಜಿಗವಾಯಿತು. ಅವಳು ಬಂದು ಲೋಟವೆತ್ತಿ ಗಟಗಟ ಕುಡಿದಳು. ಉಣ್ಣುತ್ತಿದ್ದ ಕೈಗಳೆಲ್ಲ ರೊಟ್ಟಿಯ ಮೇಲೇ ನಿಂತವು.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಉಪ್ಪು ಕಡಿಮಿ ಆಗೇದಲ್ಲೋ, ತಮ್ಮಾ. ಇನ್ನೊಂದೀಟು ಹಾಕಿ ಎಲ್ಲಾರಿಗೂ ಬಡಸು.”