ಜುಗ್ಗಣ್ಣನ ಆರು

ಗೇಟಿನ ಪಕ್ಕದ ಹಲಗೆಯ ಮೇಲೆ ಬಣ್ಣ ಇನ್ನೂ ಒಣಗಿರಲಿಲ್ಲ. ‘ನಮ್ಮ ಹೊಗೆ ನಾವೇ ಇಳಿಸಿದೆವು. ಮೂರನೇ ಬಾಯ್ಲರಿಗೆ ಪಾಳಿಯೊಂದಕ್ಕೆ ಹೋದ ವರ್ಷ 9 ಗಾಡಿ ಕಲ್ಲಿದ್ದಲು. ಈ ವರ್ಷ 6.’ ಹುಡುಗಿ ಎರಡೆರಡು ಸಲ ಓದಿದಳು.

ಕಾವಲುಗಾರ ಕುರ್ಚಿಯಿಂದಲೇ ನಕ್ಕ. “ಏನಮ್ಮಾ, ನಿಮ್ಮಪ್ಪನ್ನ ಜುಗ್ಗಣ್ಣ ಜುಗ್ಗಣ್ಣ ಅಂತ ಕರೆದಿದ್ದೇ ಬಂತು. ಒಂಬತ್ತು ಗಾಡಿ ಉರಿಸ್ತಿದ್ನಂತೆ! ಕಂಪನಿ ಇದ್ದಲು ಅಂದ್ರೆ ಕೈ ಧಾರಾಳ, ಅಲ್ವಾ?”

ಅವಳು ನೇರ ಬಾಯ್ಲರ್ ಮನೆಗೆ ಹೋಗಿ ಹೋದ ವರ್ಷದ ಪುಸ್ತಕ ಇಳಿಸಿದಳು. ಇಪ್ಪತ್ತೆರಡು ವರ್ಷ ಆ ಬಾಯ್ಲರ್ ನೋಡಿಕೊಂಡವನು ಅಪ್ಪ. ಗಾಡಿಯಿಂದ ಉದುರಿದ ಚೂರನ್ನೂ ಆಯ್ದು ಒಳಗೆ ಹಾಕುತ್ತಿದ್ದ. ಯಾರಾದರೂ ಬಾಯ್ಲರಿನ ಬಾಗಿಲು ಅರೆ ತೆರೆದಿಟ್ಟರೆ ಶಾಖ ಹೋಯಿತೆಂದು ಕೂಗಾಡುತ್ತಿದ್ದ. ಅದಕ್ಕೇ ಆ ಹೆಸರು. ಅವನು ನಿವೃತ್ತನಾದ ಮೇಲೆ ಪುಸ್ತಕ ಬರೆಯುವುದು ಇವಳ ಪಾಲಿಗೆ ಬಂದಿತ್ತು, ದಿನಗೂಲಿಯ ಮೇಲೆ.

ಇವಳು ಬರೆಯುವುದು ಇಂಗ್ಲಿಷ್ ಅಂಕಿಯಲ್ಲಿ, ಅಪ್ಪ ಬರೆಯುತ್ತಿದ್ದುದು ಕನ್ನಡ ಅಂಕಿಯಲ್ಲಿ. ಪುಟದ ತುಂಬ ೬, ೬, ೬. ಆರಕ್ಕೂ ಒಂಬತ್ತಕ್ಕೂ ಬಾಲದಲ್ಲಷ್ಟೇ ವ್ಯತ್ಯಾಸ. ರೂಢಿಯಿಲ್ಲದವರಿಗೆ ಎರಡೂ ಒಂದೇ. ಹೊಗೆ ಸಾಹೇಬರಿಗೆ ರೂಢಿಯಿರಲಿಲ್ಲ. ಕಂಪನಿ ಎಷ್ಟು ಹೊಗೆ ಬಿಡುತ್ತದೆಂದು ಲೆಕ್ಕ ಹಾಕಿ ಅದನ್ನು ಇಳಿಸಲು ಬಂದ ಅಧಿಕಾರಿ ಅವರು. ಕಲ್ಲಿದ್ದಲು ನಾಲ್ಕೂ ಬಾಯ್ಲರಿಗೆ ಒಂದೇ ರಾಶಿಯಾಗಿ ಬಂದು ಬೀಳುತ್ತಿತ್ತು. ಯಾವುದು ಎಷ್ಟು ತಿಂದಿತೆಂದು ಹೇಳಲು ಈ ಪುಸ್ತಕಗಳನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಸಾಹೇಬರ ಬಾಗಿಲಲ್ಲಿ ಅವಳು ಎಷ್ಟೋ ಹೊತ್ತು ನಿಂತಳು. ಅವರಾಗಿ ತಲೆ ಎತ್ತಿದ ಮೇಲೆ ಪುಸ್ತಕ ಮೇಜಿನ ಮೇಲಿಟ್ಟಳು.

“ಸಾರ್, ಇದು ಒಂಬತ್ತಲ್ಲ. ಈ ಸಾಲು ನೋಡಿ. ಇದು ಒಂಬತ್ತನೇ ತಾರೀಖು. ಪಕ್ಕದಲ್ಲಿರೋದು ಗಾಡಿ ಲೆಕ್ಕ.”

ಸಾಹೇಬರು ಒಂದೇ ಸಾಲಿನ ಎರಡು ಅಂಕಿಗಳ ಮೇಲೆ ಬೆರಳಾಡಿಸಿದರು. ತಾರೀಖಿನ ಬಾಲ ಬೇರೆ, ಗಾಡಿಯ ಬಾಲ ಬೇರೆ. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ಯಾರಿಗಾದ್ರೂ ಹೇಳಿದೀಯಾ?”

“ಇಲ್ಲ ಸಾರ್.”

“ವರದಿ ಹೆಡ್ ಆಫೀಸಿಗೆ ಹೋಗಿಬಿಟ್ಟಿದೆ ಕಣಮ್ಮ. ನಾಳೆ ಅಲ್ಲಿಂದ ಮೇಡಂ ಬರ್ತಿದ್ದಾರೆ.” ಡ್ರಾಯರಿನಿಂದ ಒಂದು ಕಾಗದ ತೆಗೆದು ಅವಳ ಕಡೆ ತಿರುಗಿಸಿದರು. ಅವಳ ಕೆಲಸ ಕಾಯಂ ಮಾಡುವ ಪತ್ರ. “ನಾಳೆ ಅವರ ಎದುರಿಗೇ ಸಹಿ ಹಾಕಿ ಕೊಡ್ತೀನಿ. ಒಂದು ಬಾಲದ ವಿಷಯಕ್ಕೆ ತಲೆ ಕೆಡಿಸ್ಕೋಬೇಡ.”

“ಮತ್ತೆ ಬಾಯ್ಲರ್ ಮೇಲಿನ ಆ ಆವಿ ಸೋರೋ ಪೈಪು ಬದಲಾಯಿಸ್ತೀವಿ ಅಂದಿದ್ರಲ್ಲ ಸಾರ್?”

“ಗುರಿ ಮುಟ್ಟಿ ಆಯ್ತಲ್ಲ. ಇನ್ಯಾಕೆ?”

ಮರುದಿನ ಅಪ್ಪನಿಗೂ ಕರೆ ಬಂದಿತ್ತು, ಹಳೆಯ ಕೆಲಸಗಾರನೆಂದು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದವನು ಗೇಟಿನಲ್ಲಿ ಹಲಗೆ ಓದಿ ನಿಂತುಬಿಟ್ಟ.

“ಒಂಬತ್ತು? ಇದು ಯಾರ ಕಾಲದ್ದೇ?”

“ನಿಂದೇ ಅಪ್ಪಾ. ನಿನ್ನ ಆರನ್ನ ಅವರು ಒಂಬತ್ತು ಅಂತ ಓದ್ಕೊಂಡಿದ್ದಾರೆ. ನಿನ್ನೆ ಹೇಳಿದೆ. ಸುಮ್ನಿರು ಅಂದ್ರು.”

“ನಿನ್ನ ಕಾಯಂ ಕಾಗದ?”

“ಇವತ್ತು ಸಹಿ.”

ಅಪ್ಪ ಇನ್ನೊಂದು ಸಲ ಹಲಗೆ ನೋಡಿದ. “ನಡಿ” ಎಂದ.

ಬಾಯ್ಲರ್ ಮನೆಯನ್ನು ತೊಳೆದು ಚೊಕ್ಕಟ ಮಾಡಿದ್ದರು. ಮೇಡಂಗೆ ಬೆಂಕಿ ಕಾಣಲೆಂದು ಬಾಗಿಲು ತೆರೆದಿಟ್ಟಿದ್ದರು. ಮೇಲಿನ ಪೈಪು ಎಂದಿನಂತೆ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಸಾಹೇಬರು ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು ಹಿಡಿದು ನಿಂತಿದ್ದರು. ಮೇಡಂ ಅಪ್ಪನ ಕಡೆ ತಿರುಗಿದರು.

“ನೀವೇನಾ ಮುಂಚೆ ಇದ್ದವರು? ನಿಮ್ಮ ಕಾಲದಲ್ಲಿ ಒಂಬತ್ತು ಗಾಡಿ ಯಾಕೆ ಬೇಕಾಗ್ತಿತ್ತು?”

ಅಪ್ಪ ಗಂಟಲು ಸರಿ ಮಾಡಿಕೊಂಡ. “ನನ್ನ ಕೈ ಸ್ವಲ್ಪ ಧಾರಾಳ, ಮೇಡಂ. ಮಗಳು ಹಾಗಲ್ಲ, ಹಿಡಿತ ಜಾಸ್ತಿ.”

ಹಿಂದೆ ನಿಂತಿದ್ದವರು ನಕ್ಕರು. ಹುಡುಗಿ ನಗಲಿಲ್ಲ. ಅವಳ ಕಣ್ಣು ಅಪ್ಪನ ಕಾಲಿನ ಮೇಲಿತ್ತು. ಮಾತು ಮುಗಿಯುವ ಮೊದಲೇ ಆ ಕಾಲು ತನ್ನಷ್ಟಕ್ಕೆ ತಾನೇ ಮುಂದೆ ಹೋಗಿ, ತೆರೆದಿದ್ದ ಬಾಯ್ಲರಿನ ಬಾಗಿಲನ್ನು ತಳ್ಳಿ ಮುಚ್ಚಿತ್ತು.

“ಮೇಡಂ,” ಎಂದಳು ಅವಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಎಂದಳು. “ಮೇಡಂ, ಅದು ಒಂಬತ್ತಲ್ಲ. ಆರು.”

ಹೋದ ವರ್ಷದ ಪುಸ್ತಕವನ್ನು ಗೂಡಿನಿಂದ ಇಳಿಸಿ, ಒಂಬತ್ತನೇ ತಾರೀಖಿಗೆ ತೆರೆದು ಚಾಚಿದಳು. ಮೇಡಂ ಕನ್ನಡಕ ಏರಿಸಿಕೊಂಡು ಆ ಸಾಲು ಓದಿದರು, ಕೆಳಗಿನ ಸಾಲು ಓದಿದರು, ಪುಟ ತಿರುಗಿಸಿದರು. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಪತ್ರವನ್ನು ನಾಲ್ಕಾಗಿ ಮಡಿಸಿದರು.

“ಹಾಗಾದ್ರೆ ಈ ವರ್ಷ ಇಳಿದಿದ್ದು ಎಷ್ಟು?” ಮೇಡಂ ಕೇಳಿದರು.

ಅಪ್ಪ ಮಗಳ ಮುಖ ನೋಡಿದ, ಆಮೇಲೆ ತಲೆ ಎತ್ತಿ ಸಿಳ್ಳೆ ಹಾಕುತ್ತಿದ್ದ ಪೈಪನ್ನು.

“ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ, ಮೇಡಂ. ಇಳೀಬೇಕು ಅಂದ್ರೆ ಹಲಗೆಗೆ ಬಣ್ಣ ಬಳಿಯೋದಲ್ಲ, ಆ ಪೈಪಿಗೆ ತೇಪೆ ಹಾಕ್ಬೇಕು.”